ಸೆಟ್ ಪಾಯಿಂಟ್ 22, ತಲೆನೋವು ಹಾಗೇ

ಬಿಲ್ಡಿಂಗ್ ಮೇಂಟೆನೆನ್ಸ್‌ನಲ್ಲಿ ಇರುವವರಿಗೆ ಗೊತ್ತು, ಬರುವ ಟಿಕೆಟ್‌ಗಳಲ್ಲಿ, ಅಂದರೆ ದೂರುಗಳಲ್ಲಿ, ಜಾಸ್ತಿ ಎಸಿಯದ್ದೇ. ಒಬ್ಬರಿಗೆ ಚಳಿ, ಪಕ್ಕದವರಿಗೆ ಸೆಕೆ. ಹಾಗಾಗಿ ಮೂರನೇ ಮಹಡಿಯಿಂದ "ಮಧ್ಯಾಹ್ನ ತಲೆ ನೋಯುತ್ತೆ, ಕಣ್ಣು ಉರಿಯುತ್ತೆ, ಮನೆಗೆ ಹೋದರೆ ಸರಿಹೋಗುತ್ತೆ" ಅಂತ ಟಿಕೆಟ್ ಬಂದಾಗ ಎಸಿಯ ಸೆಟ್ ಪಾಯಿಂಟ್ (ರೂಮು ಎಷ್ಟು ಡಿಗ್ರಿ ಇರಬೇಕು ಅಂತ ಇಡುವ ಲೆಕ್ಕ) 24ರಿಂದ 22ಕ್ಕೆ ಇಳಿಸಿ ಕ್ಲೋಸ್ ಮಾಡಿದೆ. ಊಟ ಆದಮೇಲೆ ಯಾರಿಗೆ ತಾನೇ ತಲೆ ಭಾರ ಆಗಲ್ಲ ಅಂತ ಕಂಟ್ರೋಲ್ ರೂಮಿನಲ್ಲಿ ನಕ್ಕೆವು ಕೂಡ.

ಟಿಕೆಟ್ ಮತ್ತೆ ಓಪನ್ ಆಯಿತು. ಈಗ ಸ್ವೆಟರ್ ಹಾಕಿಕೊಂಡು ತಲೆನೋವು. ಟಿಕೆಟ್ ಹಾಕಿದ ಮೇಡಂಗೆ ಬಿಎಂಎಸ್, ಅಂದರೆ ಕಟ್ಟಡದ ಎಸಿ ನೋಡಿಕೊಳ್ಳುವ ಕಂಪ್ಯೂಟರ್ ಸಿಸ್ಟಂನ, ಸ್ಕ್ರೀನ್‌ಶಾಟ್ ಕಳಿಸಿದೆ. ಹೊರಗಿನ ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಫ್ರೆಶ್ ಏರ್ ಡ್ಯಾಂಪರ್, 30% ತೆರೆದಿದೆ, ಟೆಂಪರೇಚರ್ 22, ಎಲ್ಲಾ ಹಸಿರು. ಅವರು ವಾದಕ್ಕೆ ಇಳಿಯಲಿಲ್ಲ. "ಮೂರು ಗಂಟೆಗೆ ರಿವ್ಯೂ ಇದೆ, ನೀವೂ ಬಂದು ಕೂತ್ಕೊಳ್ಳಿ" ಅಂದರು, ಅಷ್ಟೇ.

ನನ್ನ ಮಾತೇ ಸರಿ ಅಂತ ತೋರಿಸೋಕೆ ಸಿಒ2 (ಇಂಗಾಲದ ಡೈಆಕ್ಸೈಡ್) ಅಳೆಯುವ ಮೀಟರ್ ತಗೊಂಡೇ ಹೋದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ), ಗಾಳಿ ಚೆನ್ನಾಗಿ ಆಡುವ ಆಫೀಸಿನಲ್ಲಿ ಸಾವಿರದೊಳಗೆ ಇರುತ್ತದೆ. ಬಾಗಿಲು ಹಾಕಿದಾಗಲೇ 1100. ನಮ್ಮ ಮ್ಯಾನೇಜರ್ ಬೇರೆ ಎದುರಿಗೇ ಕೂತಿದ್ದರು. ಯಾರೋ ಸ್ಲೈಡ್ ತೋರಿಸುತ್ತಿದ್ದರು, ನನ್ನ ಕಣ್ಣು ಮಾತ್ರ ಮೀಟರ್ ಮೇಲೆ. 1400. 1700. ಮೇಡಂ ಏನೂ ಮಾತಾಡದೆ ಮೀಟರನ್ನು ಮೆಲ್ಲಗೆ ಮ್ಯಾನೇಜರ್ ಕಡೆಗೆ ತಿರುಗಿಸಿದರು. 2000 ದಾಟುವಷ್ಟರಲ್ಲಿ ನನ್ನ ಬೆನ್ನು ಬೆವತಿತ್ತು, ಅದೂ 22 ಡಿಗ್ರಿಯಲ್ಲಿ.

ಅಷ್ಟು ಸಿಒ2 ವಿಷವೇನಲ್ಲ. ನಾವು ಬಿಟ್ಟ ಉಸಿರೇ ಒಳಗೆ ಸುತ್ತುತ್ತಿದೆ ಅನ್ನೋದಕ್ಕೆ ಅದು ಸುಳಿವು. ಅಂದರೆ ಹೊಸ ಪಾರ್ಟಿಷನ್ ಹಲಗೆಯಿಂದ ಬರುವ ಫಾರ್ಮಾಲ್ಡಿಹೈಡ್ ಅನಿಲ, ಕಾರ್ಪೆಟ್ ಅಂಟಿನ ವಾಸನೆ, ಪಕ್ಕದವರ ನೆಗಡಿ, ಇವೂ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿವೆ ಅಂತ.

ಮೀಟಿಂಗ್ ಮುಗಿದದ್ದೇ ಎಎಚ್‌ಯು (ಮಹಡಿಗೆ ಗಾಳಿ ತಂಪು ಮಾಡಿ ಕಳಿಸುವ ಯಂತ್ರ) ಇರುವ ರೂಮಿಗೆ ಓಡಿದೆವು. ಟೆಕ್ನಿಷಿಯನ್ ಟಾರ್ಚ್ ಹಾಕಿ "ಸರ್, ಇಲ್ನೋಡಿ" ಅಂದ. ಡ್ಯಾಂಪರ್ ತಿರುಗಿಸುವ ಮೋಟಾರ್, ಅಂದರೆ ಆಕ್ಚುಯೇಟರ್, ಚೆನ್ನಾಗಿಯೇ ತಿರುಗುತ್ತಿತ್ತು. ಆದರೆ ಅದನ್ನು ಶಾಫ್ಟ್‌ಗೆ ಹಿಡಿದಿಡುವ ಕ್ಲಾಂಪ್ ಬೋಲ್ಟ್ ಲೂಸಾಗಿ ಡ್ಯಾಂಪರ್ ಶಾಫ್ಟ್ ಜಗ್ಗುತ್ತಲೇ ಇರಲಿಲ್ಲ. ಬ್ಲೇಡ್‌ಗಳು ಪೂರ್ತಿ ಮುಚ್ಚಿ, ಸಂದಿಯಲ್ಲಿ ಧೂಳು ಕಟ್ಟಿಕೊಂಡಿತ್ತು. ಮೋಟಾರ್ ಎಷ್ಟು ತಿರುಗಿತು ಅನ್ನೋದು ಬಿಎಂಎಸ್‌ಗೆ ಗೊತ್ತು, ಬ್ಲೇಡ್ ತೆರೆಯಿತಾ ಅನ್ನೋದು ಗೊತ್ತಿಲ್ಲ. ತಿಂಗಳ ಮೇಂಟೆನೆನ್ಸ್ (ಪಿಎಂ) ಚೆಕ್‌ಲಿಸ್ಟ್‌ನಲ್ಲಿ ಪ್ರತಿ ತಿಂಗಳೂ "ಡ್ಯಾಂಪರ್ ಓಕೆ" ಅಂತ ಟಿಕ್, ಕೆಳಗೆ ನನ್ನದೇ ಸಹಿ! ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿ ಮಾಡಿದ್ದಷ್ಟೇ. ಮರುದಿನ ಅದೇ ರೂಮು, ಹೆಚ್ಚುಕಮ್ಮಿ ಅಷ್ಟೇ ಜನ, ಮೀಟರ್ ಸಾವಿರದ ಆಸುಪಾಸಿನಲ್ಲೇ ನಿಂತಿತು.

ನಮ್ಮ ಫೀಲ್ಡಿಗೆ ಇದು ಹಳೇ ಕಥೆ. 1970ರ ದಶಕದ ತೈಲ ಬಿಕ್ಕಟ್ಟು ಬಂದಮೇಲೆ ಎನರ್ಜಿ ಉಳಿಸೋಕೆ ಅಂತ ಮೊದಲು ಕೈಹಾಕಿದ್ದೇ ಫ್ರೆಶ್ ಏರ್‌ಗೆ. ಅಮೆರಿಕದ ಎಸಿ ಎಂಜಿನಿಯರ್‌ಗಳ ಸಂಸ್ಥೆ ಆಶ್ರೇ (ASHRAE), ಅದರ 1981ರ ಸ್ಟ್ಯಾಂಡರ್ಡ್‌ನಲ್ಲಿ ಸಿಗರೇಟ್ ಸೇದದ ಆಫೀಸಿಗೆ ತಲಾ ಒಬ್ಬರಿಗೆ 5 ಸಿಎಫ್‌ಎಂ (ನಿಮಿಷಕ್ಕೆ 5 ಘನ ಅಡಿ) ಹೊರಗಿನ ಗಾಳಿ ಇದ್ದರೆ ಸಾಕಿತ್ತು. ಕಟ್ಟಡದೊಳಗೆ ಇದ್ದಾಗ ತಲೆನೋವು, ಗಂಟಲು ಕೆರೆತ, ಹೊರಗೆ ಬಂದರೆ ಆರಾಮ, ಇದಕ್ಕೆ ಸಿಕ್ ಬಿಲ್ಡಿಂಗ್ ಸಿಂಡ್ರೋಮ್ ಅನ್ನುವ ಹೆಸರು ಬಳಕೆಗೆ ಬಂದಿದ್ದೂ 1980ರ ದಶಕದಲ್ಲೇ. 1989ಕ್ಕೆ ಆಫೀಸಿನ ಲೆಕ್ಕ 20 ಸಿಎಫ್‌ಎಂ ಆಯಿತು. "ಮನೆಗೆ ಹೋದರೆ ಸರಿಹೋಗುತ್ತೆ" ಅಂತ ಮೇಡಂ ಮೊದಲ ಟಿಕೆಟ್ಟಲ್ಲೇ ಬರೆದಿದ್ದರಲ್ಲ, ಓದಬೇಕಿತ್ತು.

ಈಗ ತಲೆನೋವು ಅಂತ ಬಂದರೆ ಸೆಟ್ ಪಾಯಿಂಟ್ ಮುಟ್ಟೋದಿಲ್ಲ. ಮೊದಲು ಎಎಚ್‌ಯು ರೂಮಿಗೆ ಹೋಗಿ ಬ್ಲೇಡ್ ನೋಡುತ್ತೇನೆ. ಮೀಟಿಂಗ್ ರೂಮುಗಳಿಗೆ ಸಿಒ2 ಸೆನ್ಸರ್ ಕೇಳಿದ್ದೇನೆ, ಫೈಲು ಪರ್ಚೇಸ್‌ನಲ್ಲಿ ಕೂತಿದೆ. ಲಾಬಿಗೆ ಸುವಾಸನೆ ಬಿಡುವ ಮಷೀನ್ ಮಾತ್ರ ಆಗಲೇ ಬಂತು. ಟಿಕೆಟ್ ಟೂಲ್‌ನಲ್ಲಿ ಎಸಿ ಕೆಳಗೆ ಇವತ್ತಿಗೂ ಎರಡೇ ಆಪ್ಷನ್: "ತುಂಬಾ ಸೆಕೆ", "ತುಂಬಾ ಚಳಿ". ತಲೆನೋವು ಇರುವವರು ಎರಡರಲ್ಲಿ ಯಾವುದೋ ಒಂದನ್ನು ಒತ್ತುತ್ತಾರೆ.