ಹಬ್ ಮೋಟರಿನ ಕಂಟ್ರೋಲರ್ ಹೊರಗೆ ಬಂದ ದಿನ

ವಿದ್ಯುತ್ ಸೈಕಲ್ಲಿನ ಚೈನು ಕಳಚಿಟ್ಟು ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಸಲೀಸಾಗಿ ಸುತ್ತುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಮಾತ್ರ ತಡೆದು ತಡೆದು ಬಿಗಿ. ಚಕ್ರದ ನಡುಗುಂಬದೊಳಗೇ ಕೂತ, ಗೇರ್ ಇರುವ ಹಬ್ ಮೋಟರಿನಲ್ಲಿ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸುವಾಗ ಒಳಗಿನ ಕ್ಲಚ್ ಮೋಟರನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಮೋಟರಿನ ಆರೋಗ್ಯ ತಿಳಿಯಬೇಕಾದರೆ ಚಕ್ರವನ್ನು ಹಿಂದಕ್ಕೇ ತಿರುಗಿಸಬೇಕು. ಮೋಟರಿಗೆ ಕರೆಂಟ್ ಹಂಚುವ ಬೋರ್ಡೇ ಕಂಟ್ರೋಲರ್. ಅದರೊಳಗಿನ ಮಾಸ್‌ಫೆಟ್, ಅಂದರೆ ಕರೆಂಟ್ ಬಿಡುವ ತಡೆಯುವ ಸ್ವಿಚ್, ಶಾರ್ಟ್ ಆಗಿದ್ದರೆ ಮೋಟರಿಗೆ ಹೋಗುವ ಮೂರು ಫೇಸ್ ತಂತಿಗಳು ಅದರ ಮೂಲಕ ಕೂಡಿಕೊಂಡು ಮೋಟರನ್ನು ಬ್ರೇಕ್ ಹಾಕಿದಂತೆ ಹಿಡಿಯುತ್ತವೆ.

ಆಟಿ ತಿಂಗಳ ಮಳೆಯ ನಡುವೆ ನೀರ್ಚಾಲು ಕಡೆಯಿಂದ ಬಂದ ಸೈಕಲ್ ಅದು. 36 ವೋಲ್ಟ್, 250 ವ್ಯಾಟ್, ಕಂಟ್ರೋಲರ್ ಹಬ್ಬಿನೊಳಗೇ ಇರುವ ಮಾದರಿ. ಇಡೀ ಚಕ್ರವನ್ನೇ ಬದಲಿಸಬೇಕು ಎಂದು ಅಂಗಡಿಯಲ್ಲಿ ಹೇಳಿ ಕಳಿಸಿದ್ದರು. ಹಾಗೆ ಹೇಳುವುದು ಸರಿಯಲ್ಲ. ತಾಮ್ರದ ಸುತ್ತು, ಆಯಸ್ಕಾಂತ, ಗೇರ್ ಎಲ್ಲ ನೆಟ್ಟಗಿದ್ದು, ಅಂಗೈಯಗಲದ ಒಂದು ಬೋರ್ಡ್ ಸುಟ್ಟದ್ದಕ್ಕೆ ಚಕ್ರ ಎಸೆಯಬೇಕಾಗಿಲ್ಲ.

ನಮ್ಮ ಕಾಸರಗೋಡಿನ ಒಳನಾಡಿಗೆ ಈ ಒಳ ಕಂಟ್ರೋಲರ್ ಹೊಂದುವುದೇ ಇಲ್ಲ. ಅಡಿಕೆ ತೋಟ ತಗ್ಗಿನಲ್ಲಿ, ಡಾಮರು ರಸ್ತೆ ಗುಡ್ಡೆಯ ಮೇಲೆ, ನಡುವೆ ಮುರಕಲ್ಲಿನ ಕಡಿದಾದ ಏರು. ಮೋಟರ್ ನಿಧಾನಕ್ಕೆ ತಿರುಗುತ್ತಾ ಪೂರ್ತಿ ಕರೆಂಟ್ ಎಳೆಯುವುದು ಅಲ್ಲೇ. ಆಗ ಬ್ಯಾಟರಿಯ ಬಹುಪಾಲು ಶಕ್ತಿ ಬಿಸಿಯಾಗಿ ಹೋಗುತ್ತದೆ, ಆ ಬಿಸಿಯಲ್ಲೇ ಮಾಸ್‌ಫೆಟ್‌ಗಳೂ ಬೇಯುತ್ತವೆ. ಹೊರಗಿದ್ದರೆ ಕನಿಷ್ಠ ಗಾಳಿಯಾದರೂ ತಾಗುತ್ತದೆ, ಆದ್ದರಿಂದ ಹೊಸ ಕಂಟ್ರೋಲರನ್ನು ಹಬ್ಬಿನ ಹೊರಗೇ ಇಡುವುದೆಂದಾಯಿತು.

ಬಿಚ್ಚುವ ಕೆಲಸ ಸುಲಭ. ಬದಿಯ ಮುಚ್ಚಳದ ಸ್ಕ್ರೂ ತೆಗೆದು, ಮುಚ್ಚಳವೂ ಹಬ್ಬೂ ಕೂಡುವಲ್ಲಿ ಮಾರ್ಕರಿನಿಂದ ಗೆರೆ ಎಳೆದು, ಮೋಟರನ್ನು ಹೊರಗೆಳೆದರೆ ಬೋರ್ಡ್ ಕಾಣುತ್ತದೆ. ಮೂರು ದಪ್ಪ ಫೇಸ್ ತಂತಿಗಳು ಅದಕ್ಕೆ ನೇರವಾಗಿ ಬೆಸುಗೆಯಾಗಿದ್ದವು. ಅವನ್ನು ಕತ್ತರಿಸಿದ ಕೂಡಲೇ ಬೆರಳಲ್ಲಿ ತಿರುಗಿಸುವಷ್ಟು ಮೋಟರ್ ಹಗುರಾಯಿತು. ಬಳಿಕ ತಂತಿಗಳ ತುದಿಯನ್ನು ಎರಡೆರಡಾಗಿ ಮುಟ್ಟಿಸಿ ತಿರುಗಿಸಿ ನೋಡಬೇಕು. ಮೂರೂ ಜೋಡಿಗಳಲ್ಲಿ ಬಿಗಿ ಒಂದೇ ಸಮ ಇದ್ದರೆ ಸುತ್ತುಗಳು ಸರಿಯಾಗಿವೆ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಓಮ್ ಅಳೆದು ಪ್ರಯೋಜನವಿಲ್ಲ, ಒಂದು ಓಮಿಗಿಂತ ಕೆಳಗೆ ಅದು ನಂಬಿಕೆಗೆ ಅರ್ಹವಲ್ಲ. ಫೇಸ್ ತಂತಿಗೂ ಆಕ್ಸಲಿಗೂ ಸಂಪರ್ಕ ಇದೆಯೇ ಎಂಬುದಕ್ಕೆ ಮಾತ್ರ ಅದೇ ಮೀಟರ್ ಸಾಕು. ಸಂಪರ್ಕ ಇರಲೇಬಾರದು.

ನಿಜವಾದ ಕಷ್ಟ ಟೊಳ್ಳು ಆಕ್ಸಲಿನಲ್ಲಿದೆ. ಮೊದಲು ಅದರ ಮೂಲಕ ಬ್ಯಾಟರಿಯ ಎರಡು ತಂತಿ ಮತ್ತು ಕೆಲವು ಸಣ್ಣ ತಂತಿಗಳು ಬರುತ್ತಿದ್ದವು. ಈಗ ಮೂರು ಫೇಸ್, ಆಯಸ್ಕಾಂತ ಎಲ್ಲಿದೆ ಎಂದು ಅರಿಯುವ ಹಾಲ್ ಸೆನ್ಸರುಗಳ ಐದು, ಒಟ್ಟು ಎಂಟು ತಂತಿ ಬರಬೇಕು. ಮೋಟರಿಗೆಂದೇ ಸಿಗುವ 9 ಪಿನ್ನಿನ ಜಲನಿರೋಧಕ ಕೇಬಲ್ ತೂರುವುದಾದರೆ ಅದೇ ಒಳ್ಳೆಯದು. ತೂರದಿದ್ದರೆ ಟೆಫ್ಲಾನ್ ಹೊದಿಕೆಯ ತಂತಿ. ಹೊದಿಕೆ ತೆಳು, ಬಿಸಿಗೆ ಕರಗುವುದಿಲ್ಲ. ಪಿವಿಸಿ ತಂತಿಯನ್ನು ಇಲ್ಲಿ ತುರುಕಬಾರದು. ಆಕ್ಸಲಿನ ಅಂಚು ಅದನ್ನು ಕೊರೆಯುತ್ತದೆ, ಆಮೇಲೆ ಫೇಸಿನ ವೋಲ್ಟೇಜ್ ಹಾಲ್ ತಂತಿಗೆ ಹಾಯ್ದು ಹೊಸ ಕಂಟ್ರೋಲರಿನ 5 ವೋಲ್ಟ್ ಭಾಗ ಸುಡುತ್ತದೆ. ತಂತಿ ಎಳೆಯುವ ಮೊದಲು ಆ ಅಂಚನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿ, ಲೋಹದ ಪುಡಿ ಒರೆಸಿ ತೆಗೆಯಬೇಕು. ಒಳಗೆ ಆಯಸ್ಕಾಂತ ಇದೆ, ಉಳಿದ ಪುಡಿಯೆಲ್ಲ ಅಲ್ಲಿಗೇ ಹೋಗಿ ಅಂಟುತ್ತದೆ.

ಸುತ್ತಿನ ತಾಮ್ರಕ್ಕೆ ಎನಾಮೆಲ್ ಇರುತ್ತದೆ. ಅದನ್ನು ಕೆರೆಯದೆ ಬೆಸುಗೆ ಹಾಕಿದರೆ ಮೇಲಿನಿಂದ ಹೊಳೆಯುತ್ತದೆ, ಒಳಗೆ ಕಚ್ಚಿರುವುದಿಲ್ಲ. ಏರಿನಲ್ಲಿ ಆ ಜೋಡಣೆಯೇ ಬಿಸಿಯಾಗಿ ಬಿಟ್ಟುಕೊಳ್ಳುತ್ತದೆ. ಪ್ರತಿ ಎಳೆಯನ್ನೂ ಬ್ಲೇಡಿನಲ್ಲಿ ಕೆರೆದು, ತವರ ಹಿಡಿಸಿ, ಬೆಸೆದು, ಫೈಬರ್ ಗ್ಲಾಸ್ ಕೊಳವೆ ತೊಡಿಸಿ, ತಿರುಗುವ ಭಾಗಕ್ಕೆ ತಾಗದಂತೆ, ತಿರುಗದೆ ನಿಲ್ಲುವ ಸ್ಟೇಟರಿಗೆ ಬಿಗಿಯಾಗಿ ಕಟ್ಟಿದ್ದಾಯಿತು. ಆಕ್ಸಲ್ ತೂತಿಗೆ ನ್ಯೂಟ್ರಲ್ ಸಿಲಿಕೋನ್ ಹಾಕಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ತಾಮ್ರ ಹಸಿರಾಗುತ್ತದೆ.

ಹಾಲ್ ತಂತಿಗಳಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್ (ಮೈನಸ್), ಹಳದಿ, ಹಸಿರು, ನೀಲಿ ಸಂಕೇತ. ಇವನ್ನು ಹೊಸ ಕಂಟ್ರೋಲರಿಗೆ ಸಿಕ್ಕಿಸಿ, ಫೇಸ್ ತಂತಿ ಜೋಡಿಸದೆ, ಮೀಟರಿನ ಕಪ್ಪು ಮೊನೆಯನ್ನು ಕಪ್ಪು ತಂತಿಗೆ ಇಟ್ಟು, ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕು. ಮೂರು ಸಂಕೇತ ತಂತಿಗಳಲ್ಲೂ ಸೊನ್ನೆ ಮತ್ತು 5ರ ಹತ್ತಿರದ ವೋಲ್ಟೇಜ್ ಅದಲುಬದಲಾಗಬೇಕು. ಒಂದು ತಂತಿ ಕದಲದೆ ನಿಂತರೆ ಆ ಸೆನ್ಸರ್ ಸತ್ತಿದೆ ಅಥವಾ ತಂತಿ ತುಂಡಾಗಿದೆ. ಕಂಟ್ರೋಲರ್ ಇಲ್ಲದೆ ಬೇರೆ 5 ವೋಲ್ಟ್ ಕೊಟ್ಟು ಅಳೆಯುವವರು ಸಂಕೇತದಿಂದ ಕೆಂಪಿಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿಕೊಳ್ಳಬೇಕು, ಇಲ್ಲವಾದರೆ ಒಳ್ಳೆಯ ಸೆನ್ಸರ್ ಕೂಡ ಸತ್ತಂತೆ ಕಾಣುತ್ತದೆ.

ಬ್ಯಾಟರಿಯನ್ನು ಮೊದಲ ಸಲ ನೇರ ಕೊಡದೆ, ಹಳೆಯ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಇಟ್ಟು ಕೊಡುವುದು ನನ್ನ ಮಟ್ಟಿಗೆ ಬಿಡಲಾಗದ ಪದ್ಧತಿ. ಶಾರ್ಟ್ ಇದ್ದರೆ ಬಲ್ಬಿನ ತಂತು ಮಸುಕಾಗಿ ಕೆಂಪಾಗಿಯೇ ಉಳಿಯುತ್ತದೆ, ಬೇರೇನೂ ಸುಡುವುದಿಲ್ಲ. ಎಲ್ಲ ಸರಿಯಿದ್ದರೆ ಕಂಟ್ರೋಲರಿನ ಕೆಪಾಸಿಟರ್ ನಿಧಾನಕ್ಕೆ ತುಂಬಿ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಬರುತ್ತದೆ, ಆಮೇಲೆ ಬಲ್ಬ್ ತೆಗೆಯಬಹುದು. ಬ್ಯಾಟರಿಯ ಪ್ಲಸ್ಸಿನಲ್ಲಿ 20 ಆಂಪಿಯರ್ ಫ್ಯೂಸ್ ಇರಲೇಬೇಕು. ಎರಡು ದಪ್ಪ ತಂತಿ ಕೊಟ್ಟ ಮೇಲೂ ಕಂಟ್ರೋಲರ್ ಎಚ್ಚರಾಗದಿದ್ದರೆ ಗಾಬರಿ ಬೇಡ. ತೆಳುವಾದ ಇನ್ನೊಂದು ಕೆಂಪು ತಂತಿ ಇರುತ್ತದೆ, ಅದು ಕೀ ತಂತಿ. ಅದಕ್ಕೂ ಬ್ಯಾಟರಿಯ ಪ್ಲಸ್ ಸ್ವಿಚ್ ಮೂಲಕ ಸಿಗಬೇಕು.

ಬಣ್ಣಕ್ಕೆ ಬಣ್ಣ ಸೇರಿಸಿದರೆ ಮೋಟರ್ ಓಡಿಯೇ ಓಡುತ್ತದೆ ಎಂದೇನಿಲ್ಲ. ಒಬ್ಬ ತಯಾರಕರ ಹಳದಿ ಇನ್ನೊಬ್ಬರ ಹಸಿರು. ಫೇಸ್ ಮತ್ತು ಹಾಲ್ ಎರಡನ್ನೂ ಬದಲಿಸುತ್ತ ಹೋದರೆ 36 ಜೋಡಣೆಗಳಾಗುತ್ತವೆ. ಅವುಗಳಲ್ಲಿ 6 ಮಾತ್ರ ಸರಿ, ಮೂರು ಮುಂದಕ್ಕೆ, ಮೂರು ಹಿಂದಕ್ಕೆ. ಹಾಲ್ ತಂತಿಗಳನ್ನು ಹಾಗೇ ಬಿಟ್ಟು ಫೇಸ್ ತಂತಿಗಳ 6 ಕ್ರಮ ನೋಡಿದರೆ ಒಂದು ಸರಿಯಾಗುತ್ತದೆ. ಅದರಲ್ಲಿ ಮೋಟರ್ ಹಿಂದಕ್ಕೆ ಓಡಿದರೆ (ಸದ್ದು ಬರುತ್ತದೆ, ಕ್ಲಚ್ ಇರುವುದರಿಂದ ಚಕ್ರ ತಿರುಗುವುದಿಲ್ಲ) ಯಾವುದಾದರೂ ಎರಡು ಹಾಲ್ ಸಂಕೇತಗಳನ್ನು ಅದಲುಬದಲು ಮಾಡಿ ಮತ್ತೆ ಫೇಸ್ ಹುಡುಕಬೇಕು. ಇಲ್ಲಿ ಹುಷಾರಾಗಿರಬೇಕಾದ್ದು ಒಂದೇ: ಸರಿ ಓಡಿದಂತೆ ತೋರುವ ತಪ್ಪು ಜೋಡಣೆ. ಚಕ್ರ ತಿರುಗುತ್ತದೆ, ಆದರೆ ಗರಗರ ಸದ್ದು, ಭಾರವಿಲ್ಲದೆಯೂ ಹಲವು ಆಂಪಿಯರ್. ಇಂಥ ಸಣ್ಣ ಮೋಟರ್ ಗಾಳಿಯಲ್ಲಿ ತಿರುಗುವಾಗ ಒಂದು ಆಂಪಿಯರ್ ಆಸುಪಾಸಿನಲ್ಲಿರಬೇಕು. ಆದ್ದರಿಂದ ಕಿವಿಯ ಜೊತೆ ಆಮೀಟರನ್ನೂ ನಂಬಿ, ಪ್ರತಿ ಸಲ ಹಿಡಿಕೆಯ ಥ್ರಾಟಲನ್ನು ಸ್ವಲ್ಪವೇ ತಿರುಗಿಸಬೇಕು. ಈ ಕಂಟ್ರೋಲರಿಗೆ ಸರಿಯಾದ ಕ್ರಮವನ್ನು ತಾನೇ ಕಲಿಯುವ ತಂತಿ ಜೋಡಿ ಇತ್ತು. ಎರಡನ್ನೂ ಕೂಡಿಸಿದರೆ ಮೋಟರ್ ತನ್ನಷ್ಟಕ್ಕೆ ತಿರುಗುತ್ತದೆ, ದಿಕ್ಕು ತಪ್ಪಿದ್ದರೆ ಬಿಡಿಸಿ ಮತ್ತೆ ಕೂಡಿಸಬೇಕು, ದಿಕ್ಕು ಸರಿಯಾದ ಮೇಲೆ ಬೇರ್ಪಡಿಸಿ ತುದಿ ಮುಚ್ಚಬೇಕು. ಚಕ್ರ ನೆಲ ಬಿಟ್ಟಿರದಿದ್ದರೆ ಸೈಕಲ್ ಮೇಜಿನಿಂದ ಹಾರುತ್ತದೆ.

ಥ್ರಾಟಲಿನ ಸಂಕೇತ ಬಿಟ್ಟಾಗ 0.8 ವೋಲ್ಟಿನ ಹತ್ತಿರ, ಪೂರ್ತಿ ತಿರುಗಿಸಿದಾಗ 4ರ ಹತ್ತಿರ. ಅದರ ಕಪ್ಪು ತಂತಿ ತುಂಡಾದರೆ ಸಂಕೇತ 5ಕ್ಕೆ ಏರಿ, ಕೆಲವು ಕಂಟ್ರೋಲರುಗಳು ಪೂರ್ತಿ ವೇಗ ಬಿಟ್ಟುಬಿಡುತ್ತವೆ. ಹಾಗಾಗಿ ಬ್ರೇಕ್ ಹಿಡಿದೊಡನೆ ಮೋಟರನ್ನು ನಿಲ್ಲಿಸುವ, ಬ್ರೇಕ್ ಲಿವರಿನ ಕಟ್-ಆಫ್ ತಂತಿಯನ್ನು ಜೋಡಿಸದೆ ಯಾರಿಗೂ ಸೈಕಲ್ ಕೊಡಬಾರದು.

ಹೆಚ್ಚು ಎಳೆತ ಬೇಕೆಂದು ಕಂಟ್ರೋಲರಿನಲ್ಲಿ ಕರೆಂಟ್ ಅಳೆಯುವ ಲೋಹದ ತುಂಡಾದ ಶಂಟಿಗೆ ಬೆಸುಗೆಯ ಸೀಸ ತುಂಬುವವರಿದ್ದಾರೆ. ಕಂಟ್ರೋಲರಿನ 15 ಆಂಪಿಯರ್ ಮಿತಿ ಬ್ಯಾಟರಿ ಕಡೆಯ ಲೆಕ್ಕ, ಏರಿನಲ್ಲಿ ಫೇಸ್ ತಂತಿಯ ಕರೆಂಟ್ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಒಳಗಿನ ನೈಲಾನ್ ಗೇರ್ ಹಲ್ಲು ಉದುರುವುದು ಹೀಗೆಯೇ. ಬೆಟ್ಟ ಏರುವಾಗ ಪೆಡಲ್ ತುಳಿಯಿರಿ.

ಕಂಟ್ರೋಲರನ್ನು ಚೌಕಟ್ಟಿನ ಕೆಳಕೊಳವೆಗೆ, ತಂತಿಗಳು ಕೆಳಮುಖವಾಗಿ ಹೊರಡುವಂತೆ ಕಟ್ಟಲಾಯಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಮಳೆ ತಪ್ಪುತ್ತದೆ, ಬಿಸಿ ತಪ್ಪುವುದಿಲ್ಲ. ಆಕ್ಸಲಿನಿಂದ ಹೊರಟ ಕೇಬಲ್ ಮೊದಲು ಕೆಳಕ್ಕೆ ಇಳಿದು ಆಮೇಲೆ ಮೇಲೇರಬೇಕು, ಆಗ ನೀರು ಆ ತಿರುವಿನಲ್ಲಿ ತೊಟ್ಟಿಕ್ಕುತ್ತದೆ. ನೇರ ಮೇಲಿನಿಂದ ಬಂದ ಕೇಬಲ್ ಗುಂಟ ಮಳೆನೀರು ಹಬ್ಬಿಗೇ ಹೋಗುತ್ತದೆ. ಕುಂಬಳೆ, ಉಪ್ಪಳದಂಥ ಕಡಲ ಬದಿಯವರು ಹಾಲ್ ಕನೆಕ್ಟರಿಗೆ ಸಿಲಿಕೋನ್ ಗ್ರೀಸ್ ತುಂಬಲೇಬೇಕು, ಉಪ್ಪುಗಾಳಿಗೆ ಆ ಸಣ್ಣ ಪಿನ್ನುಗಳು ಬೇಗ ಮಣಿಯುತ್ತವೆ. ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ವಾಷರ್, ಟಾರ್ಕ್ ಆರ್ಮ್ ಹಾಕಿ ಆಕ್ಸಲ್ ನಟ್ಟನ್ನು 40 ನ್ಯೂಟನ್ ಮೀಟರ್ ಆಸುಪಾಸಿಗೆ ಬಿಗಿಯಬೇಕು. ಆಕ್ಸಲ್ ಒಮ್ಮೆ ಗಿರಕಿ ಹೊಡೆದರೆ ಎಂಟೂ ತಂತಿಗಳು ತಿರುಚಿ ತುಂಡಾಗುತ್ತವೆ. ಮೊದಲ ಏರು ಹತ್ತಿದ ಕೂಡಲೇ ಇಳಿದು, ಸ್ವಿಚ್ ಆರಿಸಿ, ಫೇಸಿನ ಮೂರು ಬುಲೆಟ್ ಕನೆಕ್ಟರುಗಳನ್ನು ಮುಟ್ಟಿ ನೋಡಿ. ಉಳಿದೆರಡಕ್ಕಿಂತ ಒಂದು ಹೆಚ್ಚು ಬಿಸಿ ಇದ್ದರೆ ಅದನ್ನು ಕತ್ತರಿಸಿ ಹೊಸದು ಹಾಕಿ, ಆಮೇಲೆ ಆಕ್ಸಲ್ ನಟ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಿರಿ.