ಅಲ್ಲಾಡದ ಡಿಶ್

ಇವತ್ತು ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ಡಿಶ್ ಆಂಟೆನಾ ಮೇಲೆ ಕಣ್ಣು ಬಿತ್ತು. ಬೋಲ್ಟಿಗೆ ತುಕ್ಕು ಹಿಡಿದಿದೆ. ಕೂರಿಸಿದ ದಿನದಿಂದ ಅದು ನೋಡುತ್ತಿರುವುದು ಆಕಾಶದ ಒಂದೇ ಜಾಗವನ್ನು.

ಆದರೆ ಅಲ್ಲಿರುವ ಉಪಗ್ರಹ ಸುಮ್ನೆ ನಿಂತಿಲ್ಲ. ಸೆಕೆಂಡಿಗೆ ಸುಮಾರು 3 ಕಿ.ಮೀ. ಓಡುತ್ತಿದೆ!

ಗುಟ್ಟೆಲ್ಲ ಎತ್ತರದಲ್ಲಿದೆ. ಸುಮಾರು 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದು ಸುತ್ತಿಗೆ ಒಂದೂವರೆ ಗಂಟೆ ಸಾಕು. ಮೇಲೆ ಹೋದಷ್ಟೂ ನಿಧಾನ. ಸಮಭಾಜಕ ವೃತ್ತದ ನೆತ್ತಿಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ. ಭೂಮಿ ತನ್ನ ಸುತ್ತ ತಾನು ತಿರುಗಲು ಹಿಡಿಯುವ ಸಮಯವೂ ಅಷ್ಟೇ. ಎರಡೂ ಜೊತೆಜೊತೆಗೆ ತಿರುಗಿದರೆ ನಮ್ಮ ಪಾಲಿಗೆ ಅದು ನಿಂತ ಹಾಗೇ ಅಲ್ವಾ? ಅದಕ್ಕೇ ಡಿಶ್ಶನ್ನು ತಿರುಗಿಸಲು ಮೋಟಾರ್ ಬೇಡ, ಬೋಲ್ಟ್ ಬಿಗಿದರೆ ಸಾಕು.

ಇಂಥ ಮೂರೇ ಮೂರು ಉಪಗ್ರಹ ಇದ್ದರೆ, ಧ್ರುವಗಳ ಸುತ್ತಲಿನ ಜಾಗ ಬಿಟ್ಟು ಹೆಚ್ಚುಕಡಿಮೆ ಇಡೀ ಭೂಮಿಗೆ ಸಿಗ್ನಲ್. ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಇದನ್ನು 1945ರಲ್ಲೇ ಬರೆದಿಟ್ಟಿದ್ದರು. ಆಗಿನ್ನೂ ಒಂದೇ ಒಂದು ಉಪಗ್ರಹವೂ ಹಾರಿರಲಿಲ್ಲ! ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇಷ್ಟು ದೂರ ಅಂದಮೇಲೆ ತಡವೂ ಆಗುತ್ತದೆ. ಸಿಗ್ನಲ್ ಹೋಗಿ ಇಳಿದು ಬರಲು ಸುಮಾರು ಕಾಲು ಸೆಕೆಂಡ್ ಬೇಕು. ಟಿವಿ ನೋಡುವವರಿಗೆ ಗೊತ್ತೇ ಆಗುವುದಿಲ್ಲ, ಇಂಥ ಉಪಗ್ರಹದ ಮೂಲಕ ಫೋನಿನಲ್ಲಿ ಮಾತಾಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.