ವೈಫೈ ಯಾರ ಹೆಸರಿನಲ್ಲಿದೆಯೋ ಪತ್ರ ಅವರಿಗೇ

ಜರ್ಮನಿಗೆ ಓದಲು ಬರುವ ನಮ್ಮ ಹುಡುಗರು ಬಾಡಿಗೆ, ವಿಮೆ, ಬ್ಯಾಂಕ್ ಖಾತೆ ಎಲ್ಲವನ್ನೂ ಊರಿನಿಂದಲೇ ವಿಚಾರಿಸಿಕೊಂಡು ಬರುತ್ತಾರೆ. ಮನೆಯ ವೈಫೈ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿಕೊಳ್ಳುವಾಗಲೇ ಅದರ ತುಣುಕುಗಳು ನಮ್ಮ ಕಂಪ್ಯೂಟರಿನಿಂದ ಬೇರೆಯವರಿಗೂ ಹೋಗುತ್ತಿರುತ್ತವೆ. ಸಿನಿಮಾದ ಹಕ್ಕುದಾರರ ಪರವಾಗಿ ಇಲ್ಲಿನ ವಕೀಲರು ಹಿಡಿಯುವುದು ಆ ಹಂಚಿಕೆಯನ್ನೇ; ಹಣ ಕೇಳಿ ನೋಟಿಸಿನ ಪತ್ರ ಕಳಿಸುತ್ತಾರೆ.

ಪರಿಚಯದ ವಿದ್ಯಾರ್ಥಿನಿಯೊಬ್ಬಳು ಅಂಥ ಪತ್ರ ತಂದು ತೋರಿಸಿದ್ದಳು. ಸಿನಿಮಾದ ಹೆಸರು, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ದಿನಾಂಕ, ಸೆಕೆಂಡಿನವರೆಗೆ ಸಮಯ. ಕೆಳಗೆ ಕಟ್ಟಬೇಕಾದ ಮೊತ್ತ ಮತ್ತು ಗಡುವು. ಜೊತೆಗೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂಬ ಮುಚ್ಚಳಿಕೆ, ಸಹಿಯೊಂದೇ ಬಾಕಿ. ಆ ಸಿನಿಮಾದ ಹೆಸರನ್ನೇ ಅವಳು ಕೇಳಿರಲಿಲ್ಲ. ನಾಲ್ವರಿದ್ದ ಮನೆಯ ಇಂಟರ್ನೆಟ್ ಸಂಪರ್ಕ ಅವಳ ಹೆಸರಿನಲ್ಲಿತ್ತು, ಅಷ್ಟೇ.

ಹಿಂದೆ ಇದು ಇನ್ನೂ ಕಠಿಣವಾಗಿತ್ತು. ರಜೆಗೆ ಹೋಗಿದ್ದವನ ವೈಫೈಯಿಂದ ಯಾರೋ ಒಂದು ಹಾಡು ಹಂಚಿದ ಪ್ರಕರಣದಲ್ಲಿ, ರೂಟರಿನ ಮೂಲ ಪಾಸ್‌ವರ್ಡ್ ಬದಲಿಸದ ಮಾಲೀಕನೂ ಹೊಣೆಗಾರನೆಂದು ಕಾರ್ಲ್ಸ್‌ರೂಹೆಯ ಫೆಡರಲ್ ನ್ಯಾಯಾಲಯ 2010ರ ಮೇ ತಿಂಗಳಲ್ಲಿ ಹೇಳಿತು. ಪರಿಹಾರ ಕೊಡಬೇಕಿಲ್ಲ, ಆದರೆ ನೋಟಿಸಿನ ಖರ್ಚು ಅವನ ತಲೆಗೇ. ಕೆಫೆಗಳವರು ವೈಫೈ ತೆರೆದಿಡಲು ಹೆದರಿದ್ದು ಸಹಜವೇ. ನೆರೆಹೊರೆಯವರಿಗೆಲ್ಲ ಉಚಿತ ವೈಫೈ ಕೊಡುವ ಫ್ರೈಫುಂಕ್ ಸ್ವಯಂಸೇವಕರಲ್ಲಿ ಕೆಲವರು ನೋಟಿಸು ತಮ್ಮ ಹೆಸರಿಗೆ ಬರದಿರಲೆಂದು ತಮ್ಮ ಸಂಪರ್ಕವನ್ನು ಸ್ವೀಡನ್ ಮೂಲಕ ಸುತ್ತಿಸಿ ತರುತ್ತಿದ್ದರು. ನೆರೆಯವರಿಗೆ ಉಪಕಾರ ಮಾಡಲು ಇಷ್ಟು ಸುತ್ತಬೇಕಾಗಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪಾಸ್‌ವರ್ಡ್ ಇಲ್ಲದ ತಮ್ಮ ವೈಫೈಯಿಂದ ಯಾರೋ ಹಾಡು ಹಂಚಿದ್ದಕ್ಕೆ ನೋಟಿಸು ಪಡೆದ, ಮ್ಯೂನಿಕ್ ಬಳಿಯ ಅಂಗಡಿಕಾರ ಟೋಬಿಯಾಸ್ ಮ್ಯಾಕ್‌ಫ್ಯಾಡನ್ ಅವರ ಮೊಕದ್ದಮೆ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. 2016ರ ಸೆಪ್ಟೆಂಬರ್ ತೀರ್ಪು ಪರಿಹಾರದ ಭಯ ತೆಗೆಯಿತು, ಆದರೆ ಪಾಸ್‌ವರ್ಡ್ ಹಾಕಿಸುವ ಆದೇಶಕ್ಕೆ ದಾರಿ ಬಿಟ್ಟಿತು. 2017ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಜರ್ಮನಿಯ ಕಾನೂನು ತಿದ್ದುಪಡಿ, ಬೇರೆಯವರ ತಪ್ಪಿಗೆ ವೈಫೈ ಕೊಟ್ಟವರು ಹೊರುತ್ತಿದ್ದ ಈ ಹೊಣೆಯನ್ನೇ ಕಿತ್ತುಹಾಕಿತು. ಈಗ ಹಕ್ಕುದಾರರು ಹೆಚ್ಚೆಂದರೆ ಕೆಲವು ತಾಣಗಳನ್ನು ತಡೆಹಿಡಿಯಿರಿ ಎಂದು ಕೇಳಬಹುದು.

ಹಾಗೆಂದು ಮನೆಯೊಳಗೆ ನಿಶ್ಚಿಂತೆಯಿಂದ ಇರುವಂತಿಲ್ಲ. ಮೊದಲ ಅನುಮಾನ ಸಂಪರ್ಕದ ಮಾಲೀಕರ ಮೇಲೆಯೇ. ಬೇರೆ ಯಾರು ಬಳಸುತ್ತಿದ್ದರೆಂದು ಅವರು ವಿವರಿಸಬೇಕು. ತಪ್ಪು ಯಾವ ಮಗುವಿನದೆಂದು ಗೊತ್ತಿದ್ದೂ ಹೆಸರು ಹೇಳದ ತಂದೆತಾಯಿಯೇ ಹಣ ತೆರಬೇಕೆಂದು 2017ರ ಮಾರ್ಚ್‌ನಲ್ಲಿ ತೀರ್ಪಾಗಿದೆ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಮಾತು.

ಪತ್ರ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ, ಗಾಬರಿಯಿಂದ ಸಹಿಯನ್ನೂ ಹಾಕಬೇಡಿ. ಆ ಮುಚ್ಚಳಿಕೆ ವರ್ಷಗಟ್ಟಲೆ ಕಟ್ಟಿಹಾಕುತ್ತದೆ, ಮುರಿದರೆ ದಂಡ ಬೇರೆ. ಗ್ರಾಹಕ ಸಲಹಾ ಕೇಂದ್ರದಲ್ಲೋ ವಿಶ್ವವಿದ್ಯಾಲಯದ ಕಾನೂನು ಸಲಹೆಯವರಲ್ಲೋ ಗಡುವಿಗೆ ಮೊದಲೇ ತೋರಿಸಿ.